ನಲವತ್ತೊಂದನೇ ಪುಟದ ಕಳವು

ಕಟ್ಟುಕತೆ ಎಂದು ಮೂಗು ಮುರಿಯುವವರಿಗೆ ಎಫ್‌ಐಆರ್ ಸಂಖ್ಯೆಯನ್ನೇ ಕೊಡುತ್ತೇನೆ: ೧೧೭. ಬುಧವಾರ ಬೆಳಿಗ್ಗೆ ೯-೪೦ಕ್ಕೆ ಸಂವಿಧಾನ ಕರಡು ಸಮಿತಿಯ ಅಧ್ಯಕ್ಷೆ ತಾವೇ ಠಾಣೆಗೆ ಬಂದರು. ಮೂರು ವರ್ಷ ಕೂತು ಬರೆದ ಕರಡಿನಲ್ಲಿ ಕೊನೆಯ ಪುಟ, ನಲವತ್ತೊಂದನೆಯದು, ನಾಪತ್ತೆ. ಹಿಂದಿನ ಸಂಜೆಯಷ್ಟೇ ಬರೆದದ್ದು; ಪ್ರತಿ ತೆಗೆದಿರಲಿಲ್ಲ. ಅಂದೇ ಸಂಜೆ ನಾಲ್ಕು ಗಂಟೆಗೆ ಇಡೀ ಸಂವಿಧಾನ ಸಭೆ ಸಹಿ ಹಾಕಬೇಕು.

೧೦-೩೦ಕ್ಕೆ ಸಮಿತಿಯ ಕಚೇರಿಯಲ್ಲಿ ಪಂಚನಾಮೆ. ಕರಡು ಇಟ್ಟಿದ್ದ ಬೀರುವಿನ ಬೀಗ ಒಡೆದಿಲ್ಲ. ಪುಟದ ಜಾಗದಲ್ಲಿ ಒಂದು ಖಾಲಿ ಹಾಳೆ, ಅದರ ಮೇಲೆ ಟೀ ಲೋಟದ ಗುರುತು.

"ಈ ಕಟ್ಟಡದಲ್ಲಿ ಇನ್ನೂರು ಲೋಟ ಇವೆ ಸಾರ್," ಎಂದ ಪೇದೆ, ಅಳತೆಪಟ್ಟಿ ಹಿಡಿದು.

ಇನ್ಸ್‌ಪೆಕ್ಟರ್ ಸಮಿತಿಯ ದಾಖಲೆ ಪುಸ್ತಕ ತಿರುವಿದರು. ಕರಡಿನ ಪ್ರತಿ ಪುಟದ ಸಂಖ್ಯೆಯ ಎದುರು 'ಕೇಳಿದವರು' ಎಂಬ ಕಲಂ, ಅದರಲ್ಲಿ ಒಂದೇ ವಕ್ರ ಸಹಿ.

"ಯಾರದಮ್ಮ ಇದು?"

"ನಮ್ಮ ಟೀಯವನದು," ಎಂದರು ಅಧ್ಯಕ್ಷೆ. "ಅವನಿಗೆ ಓದಿ ಹೇಳ್ತೀವಿ. ಅವನು 'ಅರ್ಥ ಆಯ್ತಪ್ಪ' ಅನ್ನೋವರೆಗೂ ತಿದ್ತೀವಿ. ಒಂದು ವಿಧಿನ ಹದಿನಾರು ಸಲ ತಿದ್ದಿಸಿದಾನೆ, ಮಹಾರಾಯ!"

ಇನ್ಸ್‌ಪೆಕ್ಟರ್ ಆ ಟೀಯವನಿಗೆ ಮನಸ್ಸಿನಲ್ಲೇ ಸಲಾಂ ಹೊಡೆದರು. ನಲವತ್ತು ಸಹಿ ಇದ್ದವು. ನಲವತ್ತೊಂದರ ಎದುರು ಖಾಲಿ.

"ನಿನ್ನೆ ಅವಸರ..." ಅಧ್ಯಕ್ಷೆ ನಾಲಿಗೆ ಕಚ್ಚಿಕೊಂಡರು.

೧೧-೧೫. ಅಡುಗೆಕೋಣೆ. ಇನ್ಸ್‌ಪೆಕ್ಟರ್ ಎದುರು ಟೀಯವನು.

"ಬೀರು ಹೆಂಗೆ ತೆಗೆದೆ?"

"ಕೀಲಿ ಇಡೋದೇ ನನ್ನ ಸಕ್ಕರೆ ಡಬ್ಬದ ಹಿಂದೆ."

"ಪುಟ ಎಲ್ಲಿ?"

ಟೀಯವನು ಡಬ್ಬದಿಂದಲೇ ತೆಗೆದುಕೊಟ್ಟ. "ತಗೊಳ್ಳಿ. ಓದಿ ಸಾರ್, ಜೋರಾಗಿ."

"ಬಂಧಿತನು ಬಂಧನಹೇತುವಿನ ಪರಿಜ್ಞಾನವಿರಹಿತನಾಗಿ ಇರಿಸಲ್ಪಡತಕ್ಕದ್ದಲ್ಲ." ಇನ್ಸ್‌ಪೆಕ್ಟರ್ ಇನ್ನೊಮ್ಮೆ ಓದಿದರು. ಪೇದೆ ಛಾವಣಿ ನೋಡಿದ.

"ನೋಡಿದ್ರಾ? ಹಿಡಿಯೋ ನಿಮಗೂ ಗೊತ್ತಾಗಲ್ಲ, ಸಿಕ್ಕಿಬೀಳೋ ನನಗೂ ಗೊತ್ತಾಗಲ್ಲ. ನಮ್ಮಣ್ಣನ್ನ ಹನ್ನೊಂದು ದಿನ ಕೂಡಿಹಾಕಿದ್ರು. ಯಾಕೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ನಲವತ್ತು ಬಿಡಿ, ಈ ಒಂದನ್ನಾದ್ರೂ ನನಗೆ ಓದಿ ಹೇಳಬೇಕಿತ್ತು."

ಅಧ್ಯಕ್ಷೆ ಅಲ್ಲೇ ಒಲೆಯ ಪಕ್ಕ ಕೂತು, ಆ ಸಾಲು ಹೊಡೆದುಹಾಕಿ ಬರೆದರು: 'ಯಾರನ್ನಾದರೂ ಹಿಡಿದರೆ, ಯಾಕೆ ಹಿಡಿದದ್ದು ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಆಗಲೇ ಹೇಳಬೇಕು.'

ಇನ್ಸ್‌ಪೆಕ್ಟರ್ ಅದನ್ನು ಓದಿ ಟೋಪಿ ಸರಿಮಾಡಿಕೊಂಡರು. "ಸರ್ಕಾರಿ ಕಾಗದ ಕದ್ದಿದ್ದಕ್ಕೆ ನಿನ್ನನ್ನ ಹಿಡೀತಾ ಇದೀನಿ. ಗೊತ್ತಾಯ್ತಾ?"

"ಅರ್ಥ ಆಯ್ತಪ್ಪ!" ಎಂದ ಟೀಯವನು, ಕೈ ಒರೆಸಿಕೊಂಡು ನಲವತ್ತೊಂದರ ಎದುರು ಸಹಿ ಹಾಕಿದ.

ಮೊದಲು ಪೇದೆ ನಕ್ಕ. ಆದರೆ ಕಣ್ಣೀರು ಬರುವಷ್ಟು ನಕ್ಕವರು ಫಿರ್ಯಾದಿ ಅಧ್ಯಕ್ಷೆ. ನಕ್ಕು ಮುಗಿಸಿ, ಅವನ ಜಾಮೀನಿಗೂ ಅವರೇ ಸಹಿ ಹಾಕಿದರು.