ಬೆಳ್ಳಕ್ಕಿಯ ಹಾಯಿ

"ಅತ್ತೆ, ಅದು ಹಾಯಿ... ನಮ್ಮಪ್ಪನ ದೋಣಿ ಹಾಯಿ..."

ಮಧುಶ್ರೀ ಓಡಿಬಂದು ಹತ್ತಿರ ಕುಕ್ಕರಿಸಿದಳು. ಹೆಡತಲೆ ಊರಿನ ಗಂಡನ ಮನೆಯ ನಡುವೆ ಅತ್ತೆ ಮಂಗಳಮ್ಮ ಕತ್ತರಿ ಹಿಡಿದು ಕೂತಿದ್ದಳು; ಮಡಿಲ ತುಂಬ ಬಿಳಿ ಬಟ್ಟೆಯ ತುಂಡುಗಳು. ಕೋಣೆಯಲ್ಲಿ ಬಾಣಂತಿ ನಾದಿನಿ ಇಂದ್ರಾಣಿಯ ಕೂಸು ಅದೇ ಬಟ್ಟೆಯೊಳಗೆ ಬೆಚ್ಚಗೆ ಮಲಗಿತ್ತು.

"ಅಸುಗೂಸಿಗೆ ಒಸ ಬಟ್ಟೆ ಆಕಬಾರ್ದು ಕಣವ್ವ. ಸವೆದು ಮೆತ್ತಗಾಗಿರೋ ಅಳೇದೇ ಆಗ್ಬೇಕು. ನಿನ್ನ ಟ್ರಂಕಲ್ಲಿ ಅರಕ್ಲು ದುಪ್ಪಟಿ ಬಿದ್ದಿತ್ತು, ತಗಂಡೆ. ಅದ್ಕೂ ಮಕ ಊದಿಸ್ಕತೀಯಾ?"

ದುಪ್ಪಟಿಯಂತೆ! ಮುಂಬೈ ನೌಕಾಪಡೆಯಲ್ಲಿದ್ದಾಗ ಅವಳಪ್ಪ ಚಾಮಯ್ಯ ಎಷ್ಟೋ ಪಂದ್ಯ ಗೆದ್ದ ಹತ್ತಿಬಟ್ಟೆಯ ಹಾಯಿ ಅದು. ಅವನು ಹುಟ್ಟುವ ಮೊದಲೇ ಕಟ್ಟಿದ ತೇಗದ ದೋಣಿ, ಹೆಸರು ಬೆಳ್ಳಕ್ಕಿ. ಕೊನೆಗೆ ನೌಕಾಪಡೆಯವರು ಮೂಲೆಗೆ ಎಸೆದಿದ್ದ ಅದನ್ನು ನಿವೃತ್ತನಾದಾಗ ಲಾರಿಗೆ ಹಾಕಿಸಿಕೊಂಡು ತಿ. ನರಸೀಪುರಕ್ಕೆ ತಂದು, ಹಿತ್ತಲಲ್ಲಿ ವರ್ಷಗಟ್ಟಲೆ ಉಜ್ಜಿ ದುರಸ್ತಿ ಮಾಡಿದ್ದ. ಹಾಯಿಯ ಹರಕು ಹೊಲಿಯುವುದು ಮಗಳ ಪಾಲಿನ ಕೆಲಸ. ಉಳಿದ ಹೊಲಿಗೆ ಮುಗಿಸಲೆಂದು, ಮದುವೆಯಾಗಿ ಬರುವಾಗ ಒಡವೆಗಿಂತ ಜೋಪಾನವಾಗಿ ಹಾಯಿಯನ್ನು ತಂದಿದ್ದಳು.

"ಅಪ್ಪನ ಕಣ್ಣು ಓಯ್ತಾ ಅದೆ ಅತ್ತೆ. ಡಾಕ್ಟ್ರು ಕೈಚೆಲ್ಲವ್ರೆ. ಈ ಆಷಾಢದ ಗಾಳೀಲಿ ಒಂದೇ ಒಂದ್ಸಲ ಹಾಯಿ ತುಂಬ್ಕೊಳೋದ ನೋಡ್ಬೇಕು ಅಂತ ಕಾಯ್ತಾವ್ನೆ... ಮುಂದಿನ ವರ್ಷ ಅವನಿಗೆ ಏನೂ ಕಾಣಾಕಿಲ್ಲ..."

ಮಂಗಳಮ್ಮ ಕತ್ತರಿ ಕೆಳಗಿಟ್ಟಳು. ತಪ್ಪಾಯಿತು ಎನ್ನುವ ಜಾಯಮಾನ ಆಕೆಯದಲ್ಲ. "ನಾಳೆ ಆಷಾಢ ಉಟ್ತದೆ. ನೀ ತವ್ರಿಗೆ ಒರಡು. ಅದ ಇಲ್ಲೇ ಬುಟ್ಟೋಗು," ಎಂದಷ್ಟೇ ಹೇಳಿದಳು.

ಆಷಾಢದಲ್ಲಿ ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟುವಂತಿಲ್ಲ. ಮಧುಶ್ರೀ ಬರಿಗೈಯಲ್ಲಿ ನರಸೀಪುರದ ಬಸ್ ಹತ್ತಿದಳು. ಉಳಿದ ಹಾಯಿಯೂ ಕೂಸಿನ ಬಟ್ಟೆಯಾಗುತ್ತದೆಂದು ಅವಳಿಗೆ ಖಾತ್ರಿಯಿತ್ತು. ಅಪ್ಪನಿಗೆ ಹೇಗೆ ಹೇಳುವುದು? "ಅತ್ತೆ ಕೊಟ್ಟುಕಳಿಸ್ತಾರೆ ಅಪ್ಪ," ಎಂದು ಸುಳ್ಳು ಹೇಳಿ ಬಚ್ಚಲಿಗೆ ಹೋಗಿ ಅತ್ತಳು.

ಚಾಮಯ್ಯನ ಉತ್ಸಾಹ ನೋಡಬೇಕಿತ್ತು. ದೋಣಿಯನ್ನು ಹೊಳೆದಂಡೆಗೆ ಸಾಗಿಸಿದ್ದೂ ಆಯಿತು, ಹಾಯಿ ಕಟ್ಟುವ ಕೂವೆಮರ ನಿಲ್ಲಿಸಿದ್ದೂ ಆಯಿತು. "ಗ್ಯಾಪಕ ಅದಾ ಮಗ? ಗಾಳಿಗೆ ಎದುರಾಗಿ ಓರೆ ನುಗ್ಗೋವಾಗ ಎಂಗ್ ವಾಲೋದು! ನೀನು ಅಂಚಲ್ಲಿ ಕುಂತು ಇಂದಕ್ಕೆ ಬಾಗ್ತಿದ್ದೆ, ಜಡೆ ಸಮುದ್ರದಲ್ಲಿ ನೆನೀತಿತ್ತು." ಮಧುಶ್ರೀಗೆ ನೆನಪಿಲ್ಲದೆ ಏನು? ಚಿಕ್ಕಂದಿನಲ್ಲಿ ಮುಂಬೈಯ ಕಡಲಲ್ಲಿ ಉಪ್ಪುನೀರು ಮುಖಕ್ಕೆ ಎರಚಿ, ಹಗ್ಗ ಅಂಗೈ ಸುಟ್ಟು, ಮುಂದಿನ ದೋಣಿಯನ್ನು ಹಿಂದೆ ಹಾಕಿದಾಗ ಅಪ್ಪ ಮಗಳು ಕೇಕೆ ಹಾಕಿದ್ದು ಇನ್ನೂ ಕಿವಿಯಲ್ಲಿತ್ತು.

ಭಾನುವಾರ ಗಂಡ ಪ್ರೇಮ್‌ಕುಮಾರ್ ಗಂಟೊಂದನ್ನು ಹೊತ್ತು ಸೀದಾ ದಂಡೆಗೇ ಬಂದ. ಹಿಂದೆ ಮಂಗಳಮ್ಮ. ಗಂಟು ಬಿಚ್ಚಿದ ಮಧುಶ್ರೀಗೆ ನಂಬಲಾಗಲಿಲ್ಲ. ಕತ್ತರಿಸಿದ ಜಾಗಕ್ಕೆಲ್ಲ ಕೆಂಪು ಬಟ್ಟೆಯ ತೇಪೆ, ಒತ್ತೊತ್ತಾದ ಕೈಹೊಲಿಗೆ. ಆ ಕೆಂಪು ಅವಳಿಗೆ ಗೊತ್ತು. ಅತ್ತೆ ಯಾರಿಗೂ ಮುಟ್ಟಗೊಡದ ಧಾರೆ ಸೀರೆ.

"ಅತ್ತೆ... ನಿಮ್ಮ ಸೀರೆ..."

"ಪೆಟ್ಟಿಗೇಲಿದ್ದು ಏನ್ ಮಾಡ್ಬೇಕಿತ್ತು? ಕಟ್ಟು ಬೇಗ, ಗಾಳಿ ಬುಟ್ಟೋದಾತು."

ಹಾಯಿ ಮೇಲೇರಿತು. ಚಾಮಯ್ಯ ಚುಕ್ಕಾಣಿ ಹಿಡಿದ. "ನೀವೂ ಬನ್ನಿ ಬೀಗ್ತಿ," ಎಂದು ಕರೆದ. ಮಧುಶ್ರೀ ಅನುಮಾನಿಸಿದಳು, "ಆಷಾಢ ಅಲ್ವಾ ಅತ್ತೆ..."

"ಒಂದೇ ಒಸ್ಲು ದಾಟಬಾರ್ದು ಅಂತ ತಾನೆ ಇರೋದು? ದೋಣಿಗೆ ಒಸ್ಲು ಎಲ್ಲದೆ?" ಮಂಗಳಮ್ಮ ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟಳು.

ಗಾಳಿ ಹಾಯಿಯೊಳಗೆ ದಡಕ್ಕನೆ ತುಂಬಿತು. ಬೆಳ್ಳಕ್ಕಿ ವಾಲಿ, ಕಪಿಲೆಯ ನೀರು ಸೀಳಿಕೊಂಡು ಸಂಗಮದ ಕಡೆ ಹಾರಿತು. ಮಧುಶ್ರೀ ಅಂಚಿನಲ್ಲಿ ಕೂತು ಹಿಂದಕ್ಕೆ ಬಾಗಿದಳು. ಜಡೆ ಹೊಳೆಯಲ್ಲಿ ನೆನೆಯಿತು. ನಗುತ್ತಲೇ ಅಳು ಬರುತ್ತಿತ್ತು.

"ಕಾಣ್ತದಾ ಅಪ್ಪ?"

ಚಾಮಯ್ಯ ತಲೆಯೆತ್ತಿ ಬಹಳ ಹೊತ್ತು ನೋಡಿದ. "ಬಿಳೀದು ಆಕಾಶದಲ್ಲಿ ಬೆರ್ತೋಯ್ತು ಮಗ... ಅದು ಕಾಣಾಕಿಲ್ಲ. ಕೆಂಪು ಕಾಣ್ತದೆ. ತುಂಬ್ಕಂಡದೆ ಕಣವ್ವ, ಚೆಂದಾಗಿ ತುಂಬ್ಕಂಡದೆ."

ಮಂಗಳಮ್ಮ ಮುಖ ಆಚೆ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, "ಇನ್ನೊಸಿ ಜೋರಾಗಿ ಬುಡಿ ಬೀಗ್ರೇ," ಎಂದಳು.