ದೊಡ್ಡಯ್ಯ ಒಬ್ಬನೇ ಬಂದ ದಿನ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಎಎಸ್‌ಐ ವಿಶಾಲಮ್ಮ ರಸ್ತೆಗೆ ಹಗ್ಗ ಕಟ್ಟಿಸಿದ್ದಳು. ಬಸ್ಸುಗಳನ್ನು ಹಿಂದಿನ ದಾರಿಗೆ ತಿರುಗಿಸಿದ್ದಳು. ಅಡ್ಡ ನಿಲ್ಲಿಸಿದ ಒಬ್ಬ ಟೆಂಪೋದವನಿಗೆ ಹೊಟ್ಟೆ ತುಂಬ ಬೈದೂ ಆಗಿತ್ತು. ಎಲ್ಲ ಸಿದ್ಧ. ಮೆರವಣಿಗೆ ಒಂದೇ ಇರಲಿಲ್ಲ.

ಕಲಾಹಬ್ಬದ ಕಾರ್ಯದರ್ಶಿ ಕೃಷ್ಣಪ್ರಸಾದ್ ಬೆವರು ಒರೆಸಿಕೊಳ್ಳುತ್ತ ಓಡಿಬಂದ.

"ಮೇಡಂ, ಕಂಪ್ಲೇಂಟ್ ಕೊಡ್ಬೇಕಿತ್ತು."

"ಎಂತ ಕಳವಾಯ್ತು?"

"ಮೆರವಣಿಗೆ."

ವಿಶಾಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬೆಳಿಗ್ಗೆ ತಿಂಡಿ ತಿಂದ್ಯಾ ಇಲ್ವಾ?"

"ತಮಾಷೆ ಅಲ್ಲ. ಸಾಗರದ ಹೆಂಗಸರ ಡೊಳ್ಳಿನ ತಂಡ ಬಂದಿಲ್ಲ. ತೀರ್ಥಹಳ್ಳಿ ಕೋಲಾಟದವರು ಬಂದಿಲ್ಲ. ನಮ್ಮ ಭೂತಪ್ಪಜ್ಜನ ತಂಡನೂ ಇಲ್ಲ. ಯಾರೋ ಕಮಿಟಿ ಹೆಸರಲ್ಲಿ ಫೋನ್ ಮಾಡಿ, ಈ ಸಲ ಮೆರವಣಿಗೆ ಇಲ್ಲ ಅಂದಿದಾರೆ."

ಬಂದಿದ್ದವನು ದೊಡ್ಡಯ್ಯ ಒಬ್ಬನೇ. ಬಿದಿರಿನ ಹಂದರ, ಮೇಲೆ ಬಟ್ಟೆ, ಅದರ ಮೇಲೆ ಕಾಗದ ಅಂಟಿಸಿ ಬಣ್ಣ ಬಳಿದ ಮುಖ. ಆಳೆತ್ತರದ ಎರಡು ಪಟ್ಟು ಇರುವ ಗೊಂಬೆ. ಒಳಗೆ ಒಬ್ಬರು ನಿಂತು, ಹೆಗಲಿಗೆ ಪಟ್ಟಿ ಹಾಕಿಕೊಂಡು, ಹೊಟ್ಟೆಯ ಕಿಂಡಿಯಲ್ಲಿ ದಾರಿ ನೋಡುತ್ತ ನಡೆಯಬೇಕು. ಅದನ್ನು ಕಟ್ಟಿದವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಿಮ್ಮಣ್ಣ. ಹಬ್ಬ ಶುರುವಾದ ವರ್ಷದಿಂದ ಹೊತ್ತವರೂ ಅವರೇ. ಈಗ ಗೊಂಬೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು.

"ಹೋಗ್ಲಿ ಬಿಡಿ," ಅಂದ ಕೃಷ್ಣಪ್ರಸಾದ್. "ತಂಡದವರೆಲ್ಲ ಸಂಜೆ ವೇದಿಕೆಗೆ ಬರ್ತಾರಂತೆ. ಕಾರ್ಯಕ್ರಮಕ್ಕೆ ತೊಂದರೆ ಇಲ್ಲ."

ವಿಶಾಲಮ್ಮನಿಗೆ ಪಿತ್ತ ನೆತ್ತಿಗೇರಿತು. ಮೆರವಣಿಗೆಗೆ ರಸ್ತೆ ಬಿಡುವುದು ಬೇಡ ಅಂತ ಇನ್‌ಸ್ಪೆಕ್ಟರ್ ಹಟ ಹಿಡಿದಿದ್ದರು. ಜನ ಬಂದೇ ಬರುತ್ತಾರೆ ಅಂತ ವಾದ ಮಾಡಿ ಒಪ್ಪಿಸಿದವಳು ಇವಳು. ಈ ಸಲ ಖಾಲಿ ರಸ್ತೆ ಕಂಡರೆ ಮುಂದಿನ ವರ್ಷದಿಂದ ಏನಿದ್ದರೂ ರಂಗಮಂದಿರದ ಒಳಗೇ ಅಂತ ಅವರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಸಂಜೆ ಅವರೇ ನೋಡಲು ಬರುವವರಿದ್ದರು.

"ಸುಮ್ನಿರು ಮಾರಾಯ," ಅಂದಳು. "ಹಗ್ಗ ಬಿಚ್ಚೋದು ಬೇಡ. ಸಂಜೆವರೆಗೆ ಈ ರಸ್ತೆ ನಂದು."

*

ಸಾಗರದ ತಂಡದ ನಾಯಕಿ ಕಾವ್ಯಾ ಫೋನಿನಲ್ಲಿ ಸಿಕ್ಕಳು.

"ನಿನ್ನೆ ಮಧ್ಯಾಹ್ನ ಕಾಲ್ ಬಂತು ಮೇಡಂ. ಕಮಿಟಿ ನಂಬರೇ. ಹೆಂಗಸಿನ ದನಿ. ಬೇಕಂತ ಮೂಗಲ್ಲಿ ಮಾತಾಡಿದಂಗಿತ್ತು."

"ಎಂತ ಅಂದ್ರು?"

"ಮೆರವಣಿಗೆ ಇಲ್ಲ, ಸಂಜೆ ಸೀದ ವೇದಿಕೆಗೆ ಬನ್ನಿ ಅಂದ್ರು. ಬಿಸಿಲಿಗೆ ಹೊರಡಬೇಡಿ, ಮಕ್ಕಳಿದ್ರೆ ಟೋಪಿ ಹಾಕ್ಕೊಂಡು ಬನ್ನಿ ಅಂತನೂ ಹೇಳಿದ್ರು."

ಮೆರವಣಿಗೆ ಕದ್ದವರು ಟೋಪಿ ಹಾಕಿಕೊಳ್ಳಲು ಹೇಳುವುದೇ? ವಿಶಾಲಮ್ಮನಿಗೆ ಇದು ಹೊಸದು.

ಕಮಿಟಿಯ ಫೋನು ರಂಗಮಂದಿರದ ಬಣ್ಣದ ಕೋಣೆಯಲ್ಲಿ, ಚಾರ್ಜಿಗೆ ಹಾಕಿದಲ್ಲೇ ಇರುತ್ತಿತ್ತು. ಬಟ್ಟೆ ಹೊಲಿಯುವವರು, ಅಡುಗೆಯವರು, ಕಮಿಟಿಯವರು, ಅವರ ಮನೆಯವರು ಎಲ್ಲರೂ ಅಲ್ಲಿ ಓಡಾಡುವವರೇ. ಬೀಗ ಇಲ್ಲ, ಕೇಳುವವರಿಲ್ಲ.

ಊರಿನವರ ಬೆರಳೆಲ್ಲ ಜವಳಿ ಅಂಗಡಿ ನಾಗೇಂದ್ರನ ಕಡೆ ತೋರಿಸುತ್ತಿತ್ತು. ಮೆರವಣಿಗೆ ದಿನ ಅಂಗಡಿ ಬಾಗಿಲಿಗೆ ಗಿರಾಕಿ ಬರಲಾಗುವುದಿಲ್ಲ ಅಂತ ಪಟ್ಟಣ ಪಂಚಾಯಿತಿಗೆ ಅರ್ಜಿ ಕೊಟ್ಟವನು ಅವನು. ವಿಶಾಲಮ್ಮ ಹೋದಾಗ ಸೀರೆ ಮಡಚುತ್ತಿದ್ದ. ಊರಿಗೆಲ್ಲ ಉದ್ದದ ಆಳು. ಬಾಗಿದರೂ ತಲೆ ಫ್ಯಾನಿಗೆ ಹತ್ತಿರ.

"ಮೂಗಲ್ಲಿ ಮಾತಾಡ್ಸಿ ಫೋನ್ ಮಾಡ್ಸಿದ್ದು ನೀನೇನಾ?"

"ಮೇಡಂ, ಮೆರವಣಿಗೆ ಬೇಡ ಅಂತ ಮೈಕ್ ಹಿಡ್ಕೊಂಡು ಹೇಳಿದವನು ನಾನು. ಮೂಗಲ್ಲಿ ಮಾತಾಡ್ಸೋ ಗರಜು ನಂಗೆಂತಕ್ಕೆ?"

"ಮನೆಯವಳ ಕೈಲಿ ಮಾಡ್ಸಿರ್ಬಹುದು."

"ಅವಳು ಕೋಲಾಟದವರ ಜೊತೆ ಕುಣಿಯೋಕೆ ತಿಂಗಳಿಂದ ಕಲೀತಾ ಇದ್ದಾಳೆ. ಬೆಳಿಗ್ಗೆಯಿಂದ ನಂಗೆ ಕಾಫಿ ಕೊಟ್ಟಿಲ್ಲ. ನಿನ್ನ ಅರ್ಜಿಯಿಂದಲೇ ಹಿಂಗಾಯ್ತು ಅಂತಾಳೆ."

ಅವನ ಮುಖ ನೋಡಿದರೆ ಕಾಫಿ ಸಿಗದ ಮಾತು ಸುಳ್ಳಲ್ಲ. ವಿಶಾಲಮ್ಮ ಜೀಪು ಹತ್ತಿದಳು.

*

ಭೂತಪ್ಪಜ್ಜನ ಮನೆ ನಗರ ಅನ್ನುವ ಊರಿಗೆ ಹೋಗುವ ರಸ್ತೆಯಲ್ಲಿ, ಕೆರೆ ದಾಟಿದ ಮೇಲೆ. ಡೊಳ್ಳುಗಳು ಜಗಲಿಯಲ್ಲಿ ಸಾಲಾಗಿ ಕೂತಿದ್ದವು. ಅಜ್ಜ ಅವುಗಳ ಕಡೆ ಬೆನ್ನು ಹಾಕಿ ಕೂತಿದ್ದರು.

"ನಿಮಗೂ ಫೋನ್ ಬಂತಾ ಅಜ್ಜ?"

"ಫೋನಿಗೆಲ್ಲ ನಾವು ನಿಲ್ಲೋರಲ್ಲ ತಂಗಿ. ವೀಳ್ಯ ಕೊಟ್ಟು ಕರೆದ್ರೆ ಬರ್ತೀವಿ. ಬೇಡ ಅಂದ್ರೂ ಮನೆಗೆ ಬಂದು ವೀಳ್ಯ ಕೊಟ್ಟೇ ಹೇಳ್ಬೇಕು. ನಮ್ಮಪ್ಪನ ಕಾಲದಿಂದ ಹಂಗೇ."

"ಹಾಗಾದ್ರೆ ಬಂದು ಕೊಟ್ರಾ?"

"ಕೊಟ್ರು."

"ಯಾರು?"

"ಅದೊಂದು ಕೇಳ್ಬೇಡ. ಹೇಳಲ್ಲ ಅಂತ ಮಾತು ಕೊಟ್ಟೀನಿ."

"ಕೇಳ್ತಾ ಇರೋದು ಪೊಲೀಸು."

"ಪೊಲೀಸಿಗೆ ಬೇರೆ ಮಾತು, ಊರಿಗೆ ಬೇರೆ ಮಾತು ಅಂತ ಇಲ್ಲ ನನ್ನತ್ರ. ಮಜ್ಜಿಗೆ ಕುಡಿತೀಯಾ?"

ವಿಶಾಲಮ್ಮ ಬಾಯಿ ತೆರೆದಳು. ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಡೊಳ್ಳಿನ ಮುಂದಿಟ್ಟಿದ್ದ ತಟ್ಟೆ ಕಂಡಿತು. ಬಾಡಿದ ಎಲೆ, ಮೇಲೆ ಅಡಿಕೆ. ಒಂದನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದಳು. ಬಿಳಿ ಅಡಿಕೆ. ಹಣ್ಣಾದ ಮೇಲೆ ಕೊಯ್ದು, ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ, ಆಮೇಲೆ ಸುಲಿದ ಚಾಲಿ.

ಹೊಸನಗರದಲ್ಲಿ ಕೆಂಪಡಿಕೆಯದೇ ರೂಢಿ. ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸುತ್ತಾರೆ. ತೀರ್ಥಹಳ್ಳಿಯಲ್ಲೂ ಹಾಗೇ. ವೀಳ್ಯಕ್ಕೆ ಮನೆಯ ಅಡಿಕೆ ಇಡುವುದೇ ಮರ್ಯಾದೆ. ಯಾರೂ ಕೊಂಡು ತಂದು ಇಡುವುದಿಲ್ಲ. ಚಾಲಿ ಮಾಡುವವರು ಹೆಚ್ಚಾಗಿ ಸಾಗರದ ಆಚೆಯವರು, ಜೋಗದ ದಾರಿಯ ಕಡೆಯವರು.

"ಇದು ಈ ಕಡೆ ಅಡಿಕೆ ಅಲ್ಲ," ಅಂದಳು.

ಅಜ್ಜ ಮಜ್ಜಿಗೆ ತರಲು ಒಳಗೆ ಕೂಗಿ ಹೇಳಿದರು.

ಆಗಲೇ ಕೃಷ್ಣಪ್ರಸಾದನ ಫೋನು. "ಮೇಡಂ, ಬೇಗ ಬನ್ನಿ. ಯಾರೂ ಬರದಿದ್ರೆ ನಾನೊಬ್ಬನೇ ಮೆರವಣಿಗೆ ಹೋಗ್ತೀನಿ ಅಂತ ಮೇಷ್ಟ್ರು ದೊಡ್ಡಯ್ಯನೊಳಗೆ ಹೊಕ್ಕು ಹೊರಟೇ ಬಿಟ್ರು. ವರದಕ್ಕ ಹಿಂದಿಂದೆ ಅಳ್ತಾ ಓಡ್ತಾ ಇದ್ದಾರೆ."

ಮೇಷ್ಟ್ರ ಹೆಂಡತಿ ವರದಕ್ಕ. ಹಬ್ಬಕ್ಕೆ ಮುಂಚಿನಿಂದ ಬಣ್ಣದ ಕೋಣೆಯಲ್ಲಿ ಎಲ್ಲರಿಗೂ ಕಷಾಯ ಕೊಡುತ್ತಿದ್ದವರು. ತವರು ಸಾಗರದ ಆಚೆ, ತಾಳಗುಪ್ಪದ ಹತ್ತಿರ.

ವಿಶಾಲಮ್ಮ ಒಂದು ಅಡಿಕೆ ಜೇಬಿಗೆ ಹಾಕಿಕೊಂಡಳು. ಉಳಿದದ್ದನ್ನು ತಟ್ಟೆ ಸಮೇತ ಎತ್ತಿ ಅಜ್ಜನ ಕೈಗೆ ಕೊಟ್ಟಳು. "ತಗಳ್ಳಿ. ಇದು ನನ್ನ ವೀಳ್ಯ. ಡೊಳ್ಳು ಕಟ್ಟಿ, ಹೊರಡಿ."

ಭೂತಪ್ಪಜ್ಜ ತಟ್ಟೆ ನೋಡಿದರು, ಅವಳನ್ನು ನೋಡಿದರು. "ಎಲೆ ಬಾಡಿದೆ," ಅಂದರು. ಆದರೆ ಎದ್ದರು.

*

ಪೇಟೆಯ ನಡುವೆ ದೊಡ್ಡಯ್ಯ ತೂರಾಡುತ್ತ ಬರುತ್ತಿದ್ದ. ಅಂಗಡಿಗಳ ಮುಂದೆ ನಿಂತವರು ಚಪ್ಪಾಳೆ ತಟ್ಟುತ್ತಿದ್ದರು. ವರದಕ್ಕ ಬಿದಿರು ಹಿಡಿದು ಜಗ್ಗುತ್ತಿದ್ದರು. ವಿಶಾಲಮ್ಮ ರಸ್ತೆಗೆ ಅಡ್ಡ ನಿಂತಳು.

"ಮೇಷ್ಟ್ರೇ, ಹೊರಗೆ ಬನ್ನಿ."

ಹೊಟ್ಟೆಯ ಕಿಂಡಿಯಿಂದ ಏದುಸಿರಿನ ದನಿ ಬಂತು. "ದಾರಿ ಬಿಡು."

"ಬಿಡಲ್ಲ." ಅವಳು ಅಂಗೈ ಬಿಚ್ಚಿದಳು. "ವರದಕ್ಕ, ಈ ಚಾಲಿ ಯಾರ ಮನೇದು?"

ವರದಕ್ಕ ನೋಡಿದರು. ಬಿದಿರು ಬಿಟ್ಟರು. "ನಮ್ಮ ಅಪ್ಪನ ಮನೇದು. ಅಣ್ಣ ಕಳ್ಸಿದ್ದು."

"ಭೂತಪ್ಪಜ್ಜನಿಗೆ ಕೊಟ್ಟು ಬಂದಿದ್ದು ನೀವೇ. ಫೋನ್ ಮಾಡಿದ್ದೂ ನೀವೇ."

ಕೃಷ್ಣಪ್ರಸಾದನ ಬಾಯಿ ತೆರೆದೇ ಉಳಿಯಿತು. "ವರದಕ್ಕನಾ? ಎಂತಕ್ಕೆ?"

"ಅದನ್ನೇ ನಾನೂ ದಾರಿ ತುಂಬ ಯೋಚನೆ ಮಾಡ್ದೆ," ಅಂದಳು ವಿಶಾಲಮ್ಮ. "ಮೆರವಣಿಗೆ ನಿಂತ್ರೆ ಯಾರಿಗೆ ಎಂತ ತಪ್ಪುತ್ತೆ? ಡೊಳ್ಳಿನವರು ವೇದಿಕೆ ಮೇಲೆ ಕುಣೀತಾರೆ. ಕೋಲಾಟದವರೂ ಕುಣೀತಾರೆ. ಫೋನ್ ಮಾಡಿದವರೇ ಬನ್ನಿ ಅಂದಿದಾರೆ. ಅಂದ್ರೆ ಹಬ್ಬ ಕೆಡಿಸೋ ಮನಸಿಲ್ಲ. ರಂಗಮಂದಿರದ ಬಾಗಿಲಲ್ಲಿ ಹಿಡಿಯದವನು ದೊಡ್ಡಯ್ಯ ಒಬ್ಬನೇ. ರಸ್ತೆ ಇಲ್ಲ ಅಂದ್ರೆ ಅವನೂ ಇಲ್ಲ. ಅವನಿಲ್ಲ ಅಂದ್ರೆ ಹೊರೋರಿಗೆ ಕೆಲಸ ಇಲ್ಲ." ಅವಳು ದನಿ ತಗ್ಗಿಸಿದಳು. "ಮೇಷ್ಟ್ರಿಗೆ ಎದೆ ತೊಂದರೆನಾ ಅಕ್ಕ?"

ವರದಕ್ಕ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಯಾರ ಹತ್ರನೂ ಹೇಳಲ್ಲ ಅಂತ ದೇವರ ಮುಂದೆ ಆಣೆ ಹಾಕ್ಸಿದಾರೆ. ಇವ್ರೊಬ್ರನ್ನ ನಿಲ್ಸೋಕೆ ನನ್ನಿಂದ ಆಗ್ಲಿಲ್ಲ. ಮೆರವಣಿಗೆ ನಿಲ್ಸೋದೇ ಸುಲಭ ಅನ್ನಿಸ್ತು."

ಆಮೇಲೆ ಏನು ಹೊಳೆಯಿತೋ, ಸೆರಗು ಸಿಕ್ಕಿಸಿ ಗೊಂಬೆಯ ಹೊಟ್ಟೆಗೆ ಮುಖ ಕೊಟ್ಟು ನಿಂತರು. ಇಡೀ ಪೇಟೆಗೆ ಕೇಳುವ ಹಾಗೆ ಮನೆಮಾತಿನಲ್ಲಿ ಶುರುಮಾಡಿದರು. "ಆಣೆ ಇದ್ರೂ ನಿಂಗೊಗೆ ಹೇಳಲಡ್ಡಿಲ್ಲೆ ಅಲ್ದಾ? ಶಿವಮೊಗ್ಗದ ಡಾಕ್ಟ್ರು ಎಂತ ಹೇಳಿದ್ದ? ಭಾರ ಹೊರಲಾಗ ಹೇಳಿ ಹೇಳಿದ್ದ. ಎದೆ ನಿಂತ್ರೆ ಎಂತ ಮಾಡ್ತ್ರಿ?"

"ಎಲ್ಲರೆದುರು ಎಂತಕ್ಕೆ ಕೂಗ್ತೆ?" ಅಂದಿತು ಕಿಂಡಿ.

"ಆನು ನಿಂಗೊಗೇ ಹೇಳಿದ್ದು. ಬೇರೆಯವ್ಕೆ ಕೇಳ್ಸಿರೆ ಆನೆಂತ ಮಾಡ್ಲಿ?"

ದೊಡ್ಡಯ್ಯ ನಿಧಾನ ಕೆಳಗಿಳಿದು ನೆಲಕ್ಕೆ ಕೂತ. ಬಟ್ಟೆ ಸರಿಸಿ ಮೇಷ್ಟ್ರು ಹೊರಬಂದರು. ಮುಖ ಸುಣ್ಣವಾಗಿತ್ತು. ವಿಶಾಲಮ್ಮ ತೋಳು ಹಿಡಿದು ಅಂಗಡಿ ಮೆಟ್ಟಿಲಿಗೆ ಕೂರಿಸಿದಳು.

"ಮೊದ್ಲೇ ಗಟ್ಟಿ ಹೇಳಿದ್ರೆ ಕೇಳ್ತಿರ್ಲಿಲ್ವಾ?" ಅಂದರು ಮೇಷ್ಟ್ರು ಹೆಂಡತಿಗೆ.

"ಕೇಳ್ತಿದ್ರಾ ಮೇಷ್ಟ್ರೇ?" ಅಂದಳು ವಿಶಾಲಮ್ಮ.

ಮೇಷ್ಟ್ರು ಯೋಚಿಸಿದರು. "ಇಲ್ಲ," ಅಂದರು.

*

ಕೃಷ್ಣಪ್ರಸಾದ್ ತಂಡಗಳಿಗೆಲ್ಲ ಫೋನ್ ಮಾಡಿದ. ದೊಡ್ಡಯ್ಯನನ್ನು ಹೊರಲು ಎತ್ತರದ ಆಳು ಬೇಕಿತ್ತು. ವಿಶಾಲಮ್ಮ ಅಂಗಡಿ ಬಾಗಿಲಲ್ಲಿ ನಿಂತಿದ್ದ ನಾಗೇಂದ್ರನನ್ನು ನೋಡಿದಳು. ನಾಗೇಂದ್ರ ಹೆಂಡತಿಯನ್ನು ನೋಡಿದ. ಹೆಂಡತಿ ಬೇರೆ ಕಡೆ ನೋಡಿದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೊಕ್ಕ.

ಬಿಸಿಲಿಳಿದಾಗ ಡೊಳ್ಳು ಎದ್ದಿತು. ಸಾಗರದ ಹೆಂಗಸರು ಒಂದು ಕಡೆ, ಭೂತಪ್ಪಜ್ಜನವರು ಒಂದು ಕಡೆ. ನಡುವೆ ತೀರ್ಥಹಳ್ಳಿಯ ಕೋಲುಗಳ ಸದ್ದು. ಪೇಟೆಯ ಜಗಳದ ಸುದ್ದಿ ಹಳ್ಳಿಗಳಿಗೆಲ್ಲ ಹೋಗಿ, ಯಾವ ವರ್ಷವೂ ಬರದ ಜನ ಬಂದಿದ್ದರು. ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದು ಬಹಳ ಹೊತ್ತು ನೋಡಿದರು.

"ಮುಂದಿನ ಸಲ ಹಗ್ಗ ಇನ್ನೂ ಆಚೆ ಕಟ್ಸಿ ವಿಶಾಲಮ್ಮ. ಜಾಗ ಸಾಲ್ತಾ ಇಲ್ಲ."

ಕೃಷ್ಣಪ್ರಸಾದ್ ಮೆಲ್ಲಗೆ ಹತ್ತಿರ ಬಂದ. "ಮೇಡಂ, ಆ ಕಂಪ್ಲೇಂಟು?"

"ಯಾವ ಕಂಪ್ಲೇಂಟು ಮಾರಾಯ? ಕಳವಾದ್ದು ಕಣ್ಣೆದುರಿಗೇ ಹೋಗ್ತಾ ಇದೆ."

ಮೇಷ್ಟ್ರು ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ವರದಕ್ಕ. ದೊಡ್ಡಯ್ಯ ತಲೆದೂಗುತ್ತ ಎದುರು ಬಂದ. ಇಷ್ಟು ವರ್ಷ ಒಳಗೇ ಇದ್ದ ಮೇಷ್ಟ್ರು ಅವನು ನಡೆಯುವುದನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಕಣ್ಣು ತುಂಬಿ ಬಂದಿತ್ತು. ಕೊನೆಗೆ ಹೆಂಡತಿಯ ಕಡೆ ಬಾಗಿದರು.

"ಮೂಗು ಸೊಟ್ಟ ಇದ್ದಲೇ."

"ಮೊದಲಿಂದ್ಲೂ ಸೊಟ್ಟನೇ," ಅಂದರು ವರದಕ್ಕ. "ನಿಂಗೊಗೆ ಹೇಳುವವ್ವು ಯಾರು?"