ಟೈನ್ ದಡದಲ್ಲಿ ಹಳದಿ ಕೋಟು

"ಈ ಊರಿಗೆ ಬಂದವರಿಗೆ ನನ್ನ ಮೊದಲನೇ ಟಿಪ್, ಕೋಟು ಮರೀಬೇಡಿ. ಇಲ್ಲಿಯವರನ್ನ ನೋಡಿ ಮೋಸ ಹೋಗಬೇಡಿ. ಆ ರೊಟ್ಟಿ ಅಂಗಡಿ ಹುಡುಗನ್ನ ನೋಡಿ. ಫೆಬ್ರವರಿ ತಿಂಗಳು, ಮೈಮೇಲೆ ಬರೀ ಟೀ ಶರ್ಟು. ಇವರ ಚರ್ಮ ಅಷ್ಟು ದಪ್ಪ. ತಲೆಯೊಳಗೂ ಅದನ್ನೇ ತುಂಬಿಕೊಂಡಿದ್ದಾರೆ ಅಂತ ಕಾಣುತ್ತೆ."

ಕೆಂಪು ಕೊಡೆಯ ತುದಿ ನನ್ನ ಎದೆಗೇ ಗುರಿಯಿಟ್ಟಿತ್ತು. ಕೊಡೆ ಹಿಡಿದವಳ ಹಿಂದಿದ್ದ ಪ್ರವಾಸಿಗರ ಗುಂಪು ನಕ್ಕಿತು. ಒಬ್ಬಾತ ಮೃಗಾಲಯದಲ್ಲಿ ತೆಗೆಯುವ ಹಾಗೆ ನನ್ನ ಫೋಟೊ ತೆಗೆದುಕೊಂಡ.

ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್‌ನಲ್ಲಿ, ಟೈನ್ ನದೀದಂಡೆಯ ಭಾನುವಾರದ ಸಂತೆ ಅದು. ಟೈನ್ ಸೇತುವೆಯ ಕಮಾನಿನ ಹತ್ತಿರ ನನ್ನ ಸೋದರತ್ತೆ ಡೋರೀನಳ ಅಂಗಡಿ. ನಾನು ಸ್ಟಾಟಿ ಸೀಳುತ್ತಿದ್ದೆ. ದುಂಡನೆಯ ದಪ್ಪ ರೊಟ್ಟಿ, ನಡುವೆ ಹ್ಯಾಮ್, ಮೇಲೆ ಬಟಾಣಿ ಬೇಳೆಯ ಗೊಜ್ಜು. ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು.

ತಲೆಯ ಬಗ್ಗೆ ಆ ಮಾತು ನನಗೆ ಹೊಸದಲ್ಲ. ಶಾಲೆಯಲ್ಲಿ ಅದನ್ನೇ ಕೇಳಿ ಕೇಳಿ, ಒಂದು ದಿನ ಚೀಲ ಬಿಸಾಕಿ ಎದ್ದುಬಂದವನು ನಾನು. ಅಲ್ಲೂ ಹೀಗೆಯೇ, ಒಬ್ಬರು ಹೇಳುತ್ತಿದ್ದರು, ಉಳಿದವರು ನಗುತ್ತಿದ್ದರು.

"ಬಿಡೋ ಕೀರನ್," ಅಂದಳು ಅತ್ತೆ. "ದಕ್ಷಿಣದ ಹುಡುಗಿ. ಸ್ವಲ್ಪ ಗಾಳಿ ಬೀಸಿದ್ರೂ ಅವರಿಗೆ ಪ್ರಳಯ."

ಟೂರ್ ಮುಗಿಸಿ ಆ ಹುಡುಗಿ ನಮ್ಮ ಅಂಗಡಿಗೇ ಬಂದಳು. ಮೊಣಕಾಲಿನವರೆಗೆ ಹಳದಿ ಕೋಟು, ಕಿವಿ ಮುಚ್ಚುವ ಟೋಪಿ. ಅಷ್ಟೆಲ್ಲ ಹೊದ್ದರೂ ಮೂಗಿನ ತುದಿ ಕೆಂಪಗಾಗಿತ್ತು.

"ಒಂದು ಸ್ಟಾಟಿ ಕೊಡಿ. ಕೋಪ ಬಂತಾ? ತಮಾಷೆಗೆ ಹೇಳಿದ್ದು."

"ನಕ್ಕೆನಲ್ಲ ಮೇಡಂ. ಕಾಣಿಸಲಿಲ್ವಾ?"

"ನಿಜ ಹೇಳಿ, ಚಳಿ ಆಗಲ್ವಾ ನಿಮಗೆ?"

"ಇಲ್ಲ."

"ಕೈ ನಡುಗ್ತಿದೆ."

"ಸಿಟ್ಟಿಗೆ."

ಅವಳು ನಕ್ಕಳು. ಕಣ್ಣು ಮೊದಲು ನಕ್ಕು, ಆಮೇಲೆ ತುಟಿಗೆ ಸುದ್ದಿ ಮುಟ್ಟಿದ ಹಾಗಿತ್ತು. ನನ್ನ ಸಿಟ್ಟು ಹಾಗೇ ಇತ್ತು. ಆದರೆ ಆ ಸ್ಟಾಟಿಗೆ ಗೊಜ್ಜು ಮಾತ್ರ ಯಾಕೋ ಜಾಸ್ತಿ ಬಿತ್ತು.

ಅವಳ ಹೆಸರು ಫ್ರೇಯಾ. ಪ್ರತಿ ಭಾನುವಾರ ಟೂರ್ ಮುಗಿದ ಮೇಲೆ ಬರುವಳು. ಚಳಿ ಆಗಲ್ವಾ ಎಂದು ಕೇಳುವಳು. ಇಲ್ಲ ಎನ್ನುವೆ. ನಮ್ಮ ಕಡೆ ಗಂಡಸಿಗೆ ಆ ಪ್ರಶ್ನೆಗೆ ಬೇರೆ ಉತ್ತರವೇ ಇಲ್ಲ. ಹಿಮ ಸುರಿಯುತ್ತಿದ್ದರೂ ಅಂಗಿ ತೋಳು ಮಡಚಿ ನಿಲ್ಲಬೇಕು. ನನ್ನಪ್ಪ ಹಾಗೇ ನಿಂತ, ಅವನಪ್ಪ ಹಡಗುಕಟ್ಟೆಯಲ್ಲಿ ಹಾಗೇ ನಿಂತ. ಕೋಟು ಹಾಕಿದರೆ ಸೋತ ಹಾಗೆ.

ಮಾರ್ಚ್‌ನಲ್ಲಿ ಕಡಲಹಕ್ಕಿಗಳು ಬಂದವು. ಟೈನ್ ಸೇತುವೆಯ ಕಬ್ಬಿಣದ ಅಂಚುಗಳ ಮೇಲೆ ಜೋಡಿಜೋಡಿಯಾಗಿ ಕೂತು ಕಿರುಚತೊಡಗಿದವು. ಫ್ರೇಯಾ ತನ್ನ ಗುಂಪನ್ನು ಕಾಯುತ್ತಾ ಅವುಗಳ ನೇರ ಕೆಳಗೆ ಬಂದು ನಿಂತಳು. ಇನ್ನೇನು, ಅವಳ ಹಳದಿ ಕೋಟಿಗೆ ಬಿಳಿ ಬಣ್ಣ. ನನ್ನ ಸೇಡು ತಾನಾಗಿ ಆಕಾಶದಿಂದ ಬರುವುದರಲ್ಲಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಓಡಿಹೋಗಿ ತೋಳು ಹಿಡಿದು ಎಳೆದೆ. ಹಿಕ್ಕೆ ಬಿದ್ದದ್ದು ನನ್ನ ಬರಿಗೈಯ ಮೇಲೆ.

"ಬೆಚ್ಚಗಿದೆಯಾ?" ಅಂದಳು ಫ್ರೇಯಾ, ನಗು ತಡೆದು ತಡೆದು ಸೋತು.

"ಒರೆಸೋದಕ್ಕೆ ಏನಾದ್ರೂ ಕೊಡಿ ಮೇಡಂ, ಆಮೇಲೆ ನಗಿ."

ಕರವಸ್ತ್ರ ತೆಗೆದು ತಾನೇ ಒರೆಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ, ನಿಧಾನವಾಗಿ. ಒರೆಸಿದ ಮೇಲೂ ಕೈ ಬಿಡಲಿಲ್ಲ.

"ಮಂಜುಗಡ್ಡೆ ಆಗಿದೀಯ ನೀನು."

'ನೀವು' ಯಾವಾಗ ಉದುರಿಹೋಯಿತೋ ಅವಳಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ಅವತ್ತು ಕೇಳಿಯೇಬಿಟ್ಟೆ. "ನನ್ನ ತಲೆಯಲ್ಲಿ ಚರ್ಮ ತುಂಬಿದೆ ಅಂದ್ಯಲ್ಲ. ಯಾಕೆ ಅಂದೆ?"

"ಗುಂಪನ್ನ ನಗಿಸೋಕೆ. ಮೊದಲನೇ ವಾರ, ಹೆದರಿಕೆ ಇತ್ತು." ಕೊಳೆಯಾದ ಕರವಸ್ತ್ರವನ್ನು ಮಡಚಿದಳು. "ತಪ್ಪಾಯ್ತು ಕೀರನ್."

"ಈಗ ಇಲ್ಲಿ ನಾವಿಬ್ಬರೇ ಇದ್ದೀವಿ. ಅವತ್ತು ಎಲ್ಲರೂ ಇದ್ರು."

ಅವಳು ಹೌದೆಂದು ತಲೆಯಾಡಿಸಿದಳು.

ಮುಂದಿನ ಭಾನುವಾರ ಸ್ಟಾಟಿಯನ್ನು ಅರ್ಧ ತಿಂದು ಕಟ್ಟಿಟ್ಟಳು. "ಟೂರ್ ಕಂಪನಿಯವರು ನನ್ನನ್ನ ದಕ್ಷಿಣಕ್ಕೆ, ಬಾತ್ ಊರಿಗೆ ಹಾಕ್ತಿದ್ದಾರೆ. ಇಲ್ಲೇ ಇರ್ತೀನಿ ಅಂದ್ರೆ ಇರಬಹುದು. ಮುಂದಿನ ವಾರ ಹೇಳಬೇಕು."

"ಒಳ್ಳೇದಾಯ್ತು. ಆ ಕಡೆ ಬೆಚ್ಚಗಿರುತ್ತೆ."

"ನಾನು ಹೋದ್ರೆ ನಿನಗೆ ಏನೂ ಅನ್ಸಲ್ವಾ?"

"ಇಲ್ಲ."

ಚಳಿಗೆ ಹೇಳುತ್ತಿದ್ದ ಅದೇ ಇಲ್ಲ. ಬಾಯಿಗೆ ಅದೊಂದೇ ಅಭ್ಯಾಸವಾಗಿತ್ತು. ಹೇಳಿದ ಕೂಡಲೇ ನನ್ನ ಮುಖಕ್ಕೆ ನಾನೇ ಗುದ್ದಬೇಕೆನಿಸಿತು.

ಫ್ರೇಯಾ ನನ್ನನ್ನೇ ನೋಡಿದಳು. "ಮುಂದಿನ ವಾರ ಇನ್ನೊಂದ್ಸಲ ಕೇಳ್ತೀನಿ. ಅವತ್ತೂ ಇಲ್ಲ ಅಂದ್ರೆ ಹೊರಡ್ತೀನಿ."

ಅವಳು ಹೋದ ಮೇಲೆ ಅತ್ತೆ ಮೇಜು ಒರೆಸುತ್ತಾ ಅಂದಳು, "ನಿಮ್ಮಪ್ಪನೂ ಹೀಗೇ. ನಿಮ್ಮಮ್ಮನ್ನ ಮದುವೆ ಆಗ್ತೀನಿ ಅಂತ ಅವನು ಹೇಳಿದ್ದು ನನ್ನ ಹತ್ರ. ನಾನು ಹೋಗಿ ಅವಳಿಗೆ ಹೇಳಿದೆ. ನಿಂಗೂ ನಾನೇ ಹೇಳಬೇಕೇನೋ?"

"ಬೇಡ."

"ಹಾಗಾದ್ರೆ ಬಾಯಿ ಬಿಡು ಚಿನ್ನ."

ವಾರವೆಲ್ಲ ಬಾಯಿಪಾಠ ಮಾಡಿದೆ. ಮೆಟ್ರೊದಲ್ಲಿ, ಹಿಟ್ಟಿನ ಚೀಲ ಹೊರುವಾಗ, ಹಲ್ಲುಜ್ಜುವಾಗ. ನಾಲಿಗೆಯ ಮೇಲೆ ಬಂದ ಪ್ರತಿಯೊಂದು ಮಾತೂ ಬೇರೆ ಯಾರದೋ ಅಂಗಿ ತೊಟ್ಟ ಹಾಗಿತ್ತು.

ಭಾನುವಾರ ಕಡಲಿನ ಕಡೆಯಿಂದ ಕೊಯ್ಯುವಂಥ ಗಾಳಿ. ಫ್ರೇಯಾ ತನ್ನ ಗುಂಪನ್ನು ಸೀದಾ ನಮ್ಮ ಅಂಗಡಿಯ ಮುಂದೆ ತಂದು ನಿಲ್ಲಿಸಿದಳು.

"ಮೊದಲನೇ ಟಿಪ್, ಕೋಟು ಮರೀಬೇಡಿ," ಅಂದಳು. ಧ್ವನಿ ಎಂದಿಗಿಂತ ಸಣ್ಣಗಿತ್ತು. "ಎರಡನೇದು, ನನ್ನಂಥ ಗೈಡ್ ಹೇಳೋದನ್ನೆಲ್ಲ ನಂಬಬೇಡಿ. ಇದೇ ಜಾಗದಲ್ಲಿ ನಿಂತು, ಇಲ್ಲಿಯವರ ಚರ್ಮ ದಪ್ಪ, ತಲೆಯೊಳಗೂ ಅದೇ ತುಂಬಿದೆ ಅಂತ ಒಬ್ಬನನ್ನ ತೋರಿಸಿ ನಗಾಡಿದ್ದೆ. ಸುಳ್ಳು. ದಡ್ಡತನ ನಂದು. ಅವನ ಎದುರಿಗೇ, ನಿಮ್ಮೆಲ್ಲರ ಎದುರಿಗೇ ವಾಪಸ್ ತಗೊಳ್ತಿದೀನಿ. ಇವರಿಗೂ ನಮ್ಮಷ್ಟೇ ಚಳಿ ಆಗುತ್ತೆ. ಹೇಳೋಕೆ ಬರಲ್ಲ, ಅಷ್ಟೇ."

ಯಾರೂ ನಗಲಿಲ್ಲ. ಫ್ರೇಯಾ ಹಳದಿ ಕೋಟಿನ ಗುಂಡಿಗಳನ್ನು ಬಿಚ್ಚಿದಳು. ಕೋಟನ್ನು ಕಳಚಿ ಮೇಜಿನ ಮೇಲಿಂದ ನನ್ನ ಕಡೆ ಚಾಚಿದಳು. ತೆಳು ಸ್ವೆಟರಿನಲ್ಲಿ ಅವಳ ಭುಜ ನಡುಗುತ್ತಿತ್ತು.

"ಚಳಿ ಆಗ್ತಿದೆಯಾ, ಕೀರನ್?"

ಅತ್ತೆಯ ಚಾಕು ರೊಟ್ಟಿಯ ಅರ್ಧದಲ್ಲಿ ನಿಂತಿತು. ಪಕ್ಕದ ಕಾಲುಚೀಲದ ಅಂಗಡಿಯ ಮುದುಕ ಆಲ್ಫ್ ಕೂಡ ಕೂಗುವುದನ್ನು ನಿಲ್ಲಿಸಿದ. ಬಾಯಿಪಾಠ ಮಾಡಿದ್ದೆಲ್ಲ ಗಾಳಿಗೆ ಹಾರಿಹೋಗಿ, ನಾಲಿಗೆಯ ಮೇಲೆ ಆ ಹಳೇ ಇಲ್ಲ ಒಂದೇ ಉಳಿದಿತ್ತು. ತುಟಿ ಬಿಗಿಹಿಡಿದೆ.

ಮೇಜನ್ನು ಸುತ್ತಿ ಈಚೆ ಬಂದೆ. ಕೋಟು ತೆಗೆದುಕೊಂಡು ತೊಟ್ಟೆ. ತೋಳು ಮೊಣಕೈಯಿಂದ ಸ್ವಲ್ಪ ಕೆಳಗೆ ಬಂದು ನಿಂತುಬಿಟ್ಟಿತು. ಬೆನ್ನ ಹೊಲಿಗೆ ಚರ್ ಎಂದಿತು. ಒಳಗೆ ಅವಳ ಬಿಸಿ ಇನ್ನೂ ಇತ್ತು.

"ಲೋ ಕೀರನ್," ಅಂದ ಆಲ್ಫ್, ನಿಜವಾಗಿಯೂ ಗಾಬರಿಯಾಗಿ, "ಹುಷಾರಿಲ್ವೇನೋ?"

ಗುಂಪು ಈಗ ನಕ್ಕಿತು. ನಗಲಿ ಬಿಡಿ ಅನಿಸಿತು. ನದಿಯುದ್ದಕ್ಕೂ ನಡೆಯತೊಡಗಿದೆ.

"ಹಾಗಂದ್ರೆ ಉಳೀಲಾ?" ಹಿಂದಿನಿಂದ ಫ್ರೇಯಾ ಕೂಗಿದಳು. "ಏ, ಕೇಳಿಸ್ತಾ? ಈಗ ನನಗೆ ಚಳಿ ಆಗ್ತಿದೆ ಕಣೋ."

ಹೆಜ್ಜೆಯ ಸದ್ದು ಹತ್ತಿರ ಬರುತ್ತಿತ್ತು. ಕೋಟಿನ ಒಂದು ಮಗ್ಗುಲನ್ನು ಅವಳಿಗೆ ಜಾಗವಾಗುವಷ್ಟು ಅಗಲಿಸಿ ಹಿಡಿದು, ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿ, ಸೇತುವೆಯ ಕಡೆಗೆ ನಡೆದೆ.